ಯಾರೂ ತುಳಿಯದ ಕಂಬಳಿ

ಮಕ್ತಲ್ ಬಸ್ಸಿನಲ್ಲಿ ಯಾರದಾದರೂ ತೊಯ್ದ ಕಂಬಳಿಯ ವಾಸನೆ ಬಂದರೆ, ನಾನು ಈಗಲೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಆ ಮಧ್ಯಾಹ್ನ ನಮ್ಮೂರ ಗುಡ್ಡಕ್ಕೆ ಜೆಸಿಬಿ ಬಂದಿತ್ತು. ಇನ್ನು ಮೇಲೆ ಕುರಿಗಳು ಒಳಗೆ ಹೋಗದಂತೆ ಅರಣ್ಯ ಇಲಾಖೆಯವರು ಸುತ್ತ ತಗ್ಗು ತೋಡಿಸುವವರಿದ್ದರು. ಕುರಿಗಳಿಗೆ ಬೇರೆ ಮೇವಿನ ಜಾಗ ಇರಲಿಲ್ಲ. ನಮ್ಮಜ್ಜ, ಮುತ್ಯಾ, ಜಗಳಕ್ಕೆ ನಿಲ್ಲಲಿಲ್ಲ. ದಾರಿಗೆ ಅಡ್ಡ ತನ್ನ ಕರಿ ಕಂಬಳಿ ಹಾಸಿದ. ಹೊಸದು, ಹುಣಸೆ ಬೀಜದ ಗಂಜಿ ಕುಡಿದು ಬಿರುಸಾಗಿತ್ತು. ನನ್ನ ಕೈಯಲ್ಲಿದ್ದ, ನಮ್ಮ ಕುರಿಗಾರರ ದೇವರು ಬೀರಪ್ಪನ ಭಂಡಾರದ ಅರಿಶಿನ ಇಸಿದುಕೊಂಡು ಅದರ ಮೇಲೆ ಚೆಲ್ಲಿದ.

"ಬೀರಪ್ಪನ ಗದ್ದಿಗಿ ಐತಿ. ಇದನ್ನ ತುಳಿದು ಯಾರೂ ಮುಂದ ಹೋಗಂಗಿಲ್ಲ," ಅಂದ.

ಜೆಸಿಬಿಯ ಜೊತೆ ಬಂದಿದ್ದ ಅರಣ್ಯ ಇಲಾಖೆಯ ಗಾರ್ಡ್ ಕೂಡ ಕುರಿ ಸಾಕುವವರ ಮನೆಯವನೇ. ಬೂಟು ಬಿಚ್ಚಿಟ್ಟು ಬಂದ.

"ತುಳಿಯಂಗಿಲ್ರೀ ಮುತ್ಯಾ. ನಮ್ಮನ್ಯಾಗೂ ಬೀರಪ್ಪ ಅದಾನ."

ಕಂಬಳಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅರಿಶಿನ ಚೆಲ್ಲದಂತೆ ಅಂಚುಗಳನ್ನು ಒಳಗೆ ಮಡಚಿ, ಮುತ್ಯಾನ ಹೆಗಲ ಮೇಲೆ ಇಟ್ಟ. ಆಮೇಲೆ ಕಲ್ಲಿನ ಮೇಲೆ ಕೂತು ಬೂಟು ಹಾಕಿಕೊಂಡ. ಅವನು ಲೇಸು ಕಟ್ಟುವವರೆಗೂ ಎಲ್ಲರೂ ನೋಡುತ್ತ ನಿಂತಿದ್ದೆವು. ಎದ್ದು ಜೆಸಿಬಿಯವನಿಗೆ ತೆಲುಗಿನಲ್ಲಿ "ರಾ" ಅಂತ ಕೈ ಮಾಡಿ ಮುಂದಕ್ಕೆ ಕರೆದ.

ಸಂಜೆ ಹಟ್ಟಿಯಲ್ಲಿ ಹಸಿದ ಕುರಿಗಳು ಒದರುತ್ತಿದ್ದವು.

"ಗದ್ದಿಗಿ ಯಾರರ ತುಳಿದ್ರೇನ್ರೀ ಮಾವ?" ಅವ್ವ ಕೇಳಿದಳು.

ಮುತ್ಯಾ ಮಡಚಿದ ಕಂಬಳಿಯನ್ನು ಹಾಗೇ ಗೂಟಕ್ಕೆ ಹಾಕಿದ.

"ಇಲ್ಲವ್ವಾ," ಅಂದ. "ಯಾರೂ ತುಳೀಲಿಲ್ಲ."