ಹೊರಳಿಸಿದ ಮೊಟ್ಟೆಗಳು

ಇದು ನಾನೇ ಮಾಡಿದ ತಪ್ಪು... ಬೇರೆಯವರದ್ದಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಕೊಳ್ಳೇಗಾಲದ ಒಂದು ಕಾಲೇಜಿನ ಎಂಟು ಹುಡುಗಿಯರು ಕಡಲಾಮೆ ಉಳಿಸುವ ಕೆಲಸಕ್ಕೆ ಶ್ರೀಲಂಕಾಕ್ಕೆ ಹೊರಟರು. ಎರಡು ತಿಂಗಳು, ವಾಲಂಟಿಯರ್ ಕೆಲಸ.

ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನನ್ನನ್ನೂ ಹುಡುಗಿಯರ ಜೊತೆ ಹೊರಟಿದ್ದ ಲೆಕ್ಚರರ್ ಸರ್ವಮಂಗಳಾ ಮೇಡಂ ಕರೆದುಕೊಂಡು ಹೋದರು... ಮಕ್ಕಳಿಗೆ ಊಟ ಸೇರಬೇಕಲ್ಲ.

ಅಲ್ಲಿ ಸಮುದ್ರದ ಪಕ್ಕ, ಬೇಲಿ ಹಾಕಿದ ಮರಳಿನ ಅಂಗಳ. ನಾಯಿ, ಕಾಗೆಯ ಪಾಲಾಗುವ ಮೊಟ್ಟೆಗಳನ್ನು ದಂಡೆಯಿಂದ ತಂದು ಅಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಐವತ್ತು ಚಿಲ್ಲರೆ ದಿನಕ್ಕೆ ಮರಿಗಳು ತಾವೇ ಮೇಲೆ ಬರುತ್ತವೆ.

ಮೊಟ್ಟೆ ತರುವವನು ನಜೀಮ್. ಅರವತ್ತರ ಹತ್ತಿರದ ಮನುಷ್ಯ. ಇಪ್ಪತ್ತು ವರ್ಷದಿಂದ ಅದೇ ಕೆಲಸ, ಅದೇ ಬದುಕು.

ಅವನದು ತಮಿಳು. ನಮ್ಮ ಕೊಳ್ಳೇಗಾಲದ ಕಡೆಯವರಿಗೆ ತಮಿಳು ಹೊಸದಲ್ಲ... ಮಾತು ಹೊಂದಿಕೊಂಡಿತು.

ಮೊದಲ ದಿನವೇ ತಟ್ಟೆ ಮುಂದೆ ಕೂತು ಕೇಳಿದ, "ಅಕ್ಕಾ, ಇದು ಸಾರೋ ಸಮುದ್ರವೋ? ಉಪ್ಪು ಎರಡರಲ್ಲೂ ಒಂದೇ ಥರ ಇದೆ."

"ಸಮುದ್ರದಲ್ಲಿ ಹುಣಸೆಹಣ್ಣು ಇರಕಿಲ್ಲ ಕನಪ್ಪ. ಓಗಿ ಕುಡ್ದು ನೋಡು!" ಅಂದೆ. ಹುಡುಗಿಯರೆಲ್ಲ ನಕ್ಕರು.

ಒಬ್ಬೊಬ್ಬ ಹುಡುಗಿಗೆ ಒಂದೊಂದು ಗುಂಡಿ ಕಾಯುವ ಕೆಲಸ. ಒಂದು ಗುಂಡಿ ಉಳಿಯಿತು. ಅದರ ಹಲಗೆಯ ಮೇಲೆ 'ಪುಟ್ಟಮಾದಮ್ಮ' ಅಂತ ನನ್ನ ಹೆಸರು ಬರೆದರು.

"ಅಜ್ಜಿ, ನೂರಾ ಹನ್ನೆರಡು ಮೊಟ್ಟೆ! ಬಾಣಂತನ ನಿಂದೇ!" ಅಂತ ತಮಾಷೆ ಮಾಡಿದರು.

ನನಗೆ ಮಾತ್ರ ಅದು ತಮಾಷೆ ಆಗಿರಲಿಲ್ಲ... ಮಕ್ಕಳಿಲ್ಲದ ನನ್ನ ಹೆಸರಿನಲ್ಲಿ ನೂರಾ ಹನ್ನೆರಡು ಜೀವ.

ಏನು ಮಾಡಬೇಕು, ಏನು ಮಾಡಬಾರದು ಅಂತ ಇಂಗ್ಲಿಷಿನಲ್ಲಿ ಹೇಳಿಕೊಡುವಾಗ ನಾನು ಅಕ್ಕಿ ತೊಳೆಯುತ್ತಿದ್ದೆ. ಆಮೇಲೆ ನಜೀಮನನ್ನು ಕೇಳಬಹುದಿತ್ತು. ಕೇಳಲಿಲ್ಲ.

ನಲವತ್ತು ವರ್ಷ ಕೋಳಿ ಕಾವಿಗೆ ಕೂರಿಸಿದವಳು... ಮೊಟ್ಟೆ ವಿಚಾರ ಇನ್ನೊಬ್ಬರನ್ನು ಕೇಳಬೇಕೇ ಅನ್ನುವ ಜಂಬ.

ಕಾವಿಗೆ ಕೂತ ಕೋಳಿ ದಿನವೂ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ. ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಈ ಆಮೆ ತಾಯಿ ಮೊಟ್ಟೆ ಇಟ್ಟು ನೀರಿಗೆ ಹೋಗಿಬಿಟ್ಟಳು... ಇನ್ನು ಹೊರಳಿಸುವವರು ಯಾರು?

ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದಾಗ ನಾನು ಮರಳು ಸರಿಸುತ್ತಿದ್ದೆ. ಒಂದೊಂದೇ ಮೊಟ್ಟೆ ಹೊರಳಿಸಿ ಮತ್ತೆ ಮುಚ್ಚುತ್ತಿದ್ದೆ.

ಹದಿನೆಂಟು ದಿನ. ಕೋಳಿಗೆ ಅಷ್ಟು ಸಾಕು... ಮರಿ ಒಡೆಯುವ ಕೊನೆಯ ಮೂರು ದಿನ ಹೊರಳಿಸಬಾರದು.

ದಿನ ತುಂಬಿತು... ಎಂಟೂ ಗುಂಡಿಗಳಲ್ಲಿ ಮರಳು ಅಲ್ಲಾಡಿತು. ಅಂಗೈಯೊಳಗೆ ಹಿಡಿಯುವಷ್ಟು ಪುಟ್ಟ ಮರಿಗಳು ಸಮುದ್ರದ ಕಡೆ ಓಡಿದವು. ಹುಡುಗಿಯರು ಅತ್ತರು, ಕುಣಿದರು.

ನನ್ನ ಗುಂಡಿ ಮಾತ್ರ ಅಲ್ಲಾಡಲಿಲ್ಲ.

ಐವತ್ತೆಂಟನೇ ದಿನ ನಜೀಮ್ ಅದನ್ನು ಅಗೆದ. ಒಂದೊಂದೇ ಮೊಟ್ಟೆ ಒಡೆದು ನೋಡಿದ... ಒಂದೂ ಉಳಿದಿರಲಿಲ್ಲ.

"ಇವೆಲ್ಲ ಮೊದಲನೇ ವಾರವೇ ಹೋಗಿವೆ," ಅಂತ ಮರಳಲ್ಲೇ ಕುಸಿದು ಕೂತ. "ತರುವಾಗ ನನ್ನ ಕೈ ನಡುಗಿದೆ. ವಯಸ್ಸಾಯಿತು. ಇನ್ನು ಸಾಕು ಬಿಡು ಅಂತ ಆಫೀಸಿನವರು ಹೇಳಿದ್ದು ಸರಿ... ನಾಳೆಯಿಂದ ಮೊಟ್ಟೆ ಮುಟ್ಟಲ್ಲ."

"ಕೈ ನಡುಗುದ್ರೆ ಏನಾಯ್ತದಪ್ಪ?" ಅಂತ ಕೇಳಿದೆ.

"ಇದು ಕೋಳಿ ಮೊಟ್ಟೆ ಅಲ್ಲ ಅಕ್ಕಾ. ಇಟ್ಟ ಕೆಲವೇ ಗಂಟೆಯಲ್ಲಿ ಒಳಗಿನ ಜೀವ ಮೇಲಿನ ಚಿಪ್ಪಿಗೆ ಅಂಟಿಕೊಳ್ಳುತ್ತೆ. ಆಮೇಲೆ ಹೊರಳಿತು ಅಂದರೆ... ಮುಗೀತು."

ನಾನು ಅಲ್ಲಿ ನಿಲ್ಲಲಿಲ್ಲ.

ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಆದರೆ ನನ್ನ ಕೈ ಹಿಡಿದು ಮೆಲ್ಲಗೆ ಅಂದರು, "ನಾಡಿದ್ದು ಹೊರಡ್ತೀವಿ. ಸುಮ್ಮನಿದ್ದುಬಿಡಿ ಪುಟ್ಟಮಾದಮ್ಮ. ಇದು ಗೊತ್ತಾದರೆ ಮುಂದಿನ ವರ್ಷ ನಮ್ಮ ಹುಡುಗಿಯರನ್ನ ಸೇರಿಸಲ್ಲ."

ಆ ಮಧ್ಯಾಹ್ನ ನಜೀಮ್ ಊಟಕ್ಕೆ ಬರಲಿಲ್ಲ. ಬೇಲಿ ಹತ್ತಿರ ಕೂತು, ತನ್ನ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನೋಡುತ್ತಿದ್ದ... ನಡುಗುತ್ತವೆಯೇ ಅಂತ.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಿನ್ ಕೈಯಲ್ಲ ಕನಪ್ಪ... ನನ್ ಕೈ. ದಿನಾ ಒಳ್ಳುಸ್ಬುಟ್ಟೆ. ಕೋಳಿ ಮೊಟ್ಟೆ ಅನ್ಕಬುಟ್ಟೆ."

ಅವನು ಚಾಚಿದ ಕೈಗಳನ್ನು ಮಡಿಲಿಗೆ ಇಳಿಸಿದ.

"ಎಷ್ಟು ದಿನ?"

"ಅದ್ನೆಂಟು."

"ನೂರಾ ಹನ್ನೆರಡನ್ನೂ?"

"ಒಂದೊಂದ್ನೂವೆ."

ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನಾನು ಅವನ ಕಾಲಿಗೆ ಬೀಳಲು ಬಗ್ಗಿದೆ. ತಡೆದ.

"ಕ್ಷಮಿಸೋಕೆ ನಾನ್ಯಾರು ಅಕ್ಕಾ? ಕ್ಷಮಿಸಬೇಕಾದವು ಇಲ್ಲೇ ಮಲಗಿವೆ... ನೀನು ನನ್ನನ್ನ ಕೇಳಲಿಲ್ಲ. ನಾನೂ ನಿನಗೆ ಹೇಳಲಿಲ್ಲ. ಒಂದೇ ಭಾಷೆ ಇಟ್ಟುಕೊಂಡು ಇಬ್ಬರೂ ಬರೀ ಸಾರಿನ ಮಾತಾಡಿದೆವು."

ಮಾರನೇ ದಿನ ಬೇರೆ ದೇಶದ ಹೊಸ ವಾಲಂಟಿಯರುಗಳು ಬಂದರು. ನಜೀಮ್ ನನ್ನನ್ನು ಅವರ ಮುಂದೆ ನಿಲ್ಲಿಸಿದ. "ಹೇಳು ಅಕ್ಕಾ. ಮೊಟ್ಟೆ ಮುಟ್ಟಬೇಡಿ ಅನ್ನೋ ನನ್ನ ಇಂಗ್ಲಿಷ್ ಬೋರ್ಡು ಓದಿ ಮರೀತಾರೆ. ನಿನ್ನ ಮಾತು ಮರೆಯಲ್ಲ."

ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಹೇಳಿದೆ. ಸುಮ್ಮನಿರಿ ಅಂದಿದ್ದ ಮೇಡಂ ತಾವೇ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಒಂದು ಮಾತೂ ಬಿಡಲಿಲ್ಲ.

ಕೊನೆಗೆ ಒಬ್ಬ ಬಿಳಿ ಹುಡುಗಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮೇಡಂ ಅವಳ ಮಾತನ್ನು ಕನ್ನಡದಲ್ಲಿ ಹೇಳಿದರು...

"ನಮ್ಮ ಮನೆಯಲ್ಲೂ ಕೋಳಿ ಸಾಕುತ್ತೇವೆ ಅಜ್ಜಿ. ನೀವು ಹೇಳದೇ ಇದ್ದಿದ್ದರೆ ನಾನೂ ಹೊರಳಿಸುತ್ತಿದ್ದೆ."

ನಾನು ತಿರುಗಿ ನಜೀಮನನ್ನು ಹುಡುಕಿದೆ. ಅವನು ಅಲ್ಲಿರಲಿಲ್ಲ.

ಮೊಟ್ಟೆ ತರಲು ದಂಡೆಗೆ ಹೊರಟುಬಿಟ್ಟಿದ್ದ.

*

ಪ್ರೀತಿ ಇದ್ದರೆ ಸಾಲದು... ಕೈ ಹಾಕುವ ಮೊದಲು ಕೇಳಬೇಕು, ಕೈ ತಪ್ಪಿದ ಮೇಲೆ ಹೇಳಬೇಕು.

'ಇದು ನನಗೆ ಗೊತ್ತಿರೋದೇ' ಅಂತ ನೀವು ಯಾರನ್ನೂ ಕೇಳದೆ ಇವತ್ತು ಹೊರಳಿಸುತ್ತಿರುವುದು ಏನನ್ನು?