ಚಂಪಕ್ಕನ ಕಣ್ಗುಣ

ಪೆಟ್ಟಿಗೆಯಲ್ಲಿಟ್ಟ ಪ್ರಾಣಿ ಮುಚ್ಚಳ ತೆಗೆಯುವವರೆಗೂ ಬದುಕಿಯೂ ಇರುತ್ತದೆ, ಸತ್ತೂ ಇರುತ್ತದೆ. ಮೊದಲು ನೋಡಿದವರ ಕಣ್ಣೇ ಅದನ್ನು ತೀರ್ಮಾನಿಸುತ್ತದೆ. ಇದು ಆ ಊರಿನ ದನದ ದವಾಖಾನೆಗೆ ಬರುವವರಿಗೆಲ್ಲ ಗೊತ್ತಿದ್ದ ಮಾತು. ಹಾಗಾಗಿ ಅಲ್ಲಿ ಡಾಕ್ಟರ ಕೈಗುಣಕ್ಕಿಂತ ಆಯಾ ಕೆಲಸದ ಚಂಪಕ್ಕನ ಕಣ್ಗುಣಕ್ಕೇ ಹೆಚ್ಚು ಬೆಲೆ. ಹದಿನೆಂಟು ವರ್ಷಗಳಲ್ಲಿ ಅವಳು ತೆರೆದ ಒಂದು ಪೆಟ್ಟಿಗೆಯಲ್ಲೂ ಹೆಣ ಸಿಕ್ಕಿರಲಿಲ್ಲ.

ಇವತ್ತು ಪೆಟ್ಟಿಗೆಯಲ್ಲಿದ್ದದ್ದು ಅವಳದೇ ಕರಿ ಬೆಕ್ಕು, ಕಾಡಿಗೆ. ಪಾಷಾಣ ತಿಂದ ಇಲಿಯನ್ನು ಹಿಡಿದು ನುಂಗಿಬಿಟ್ಟಿತ್ತು; ಡಾಕ್ಟರು ಔಷಧ ಕುಡಿಸಿ ಮುಚ್ಚಳ ಹಾಕಿದ್ದರು.

"ಚಂಪಕ್ಕ, ನೀ ನೋಡಬ್ಯಾಡ," ಎಂದು ಕಂಪೌಂಡರ್ ಮಡಿವಾಳಪ್ಪ ಅಡ್ಡ ಬಂದ. "ಸಾಕಿದವರ ಕಣ್ಣ ಭಾಳ ಕೆಟ್ಟ. ನಾ ತೆಗೀತೀನಿ."

"ನೀನಾ? ಹ್ವಾದ ವಾರ ನೀ ನೋಡಿದ ಮೂರೂ ಕೋಳಿ ಹ್ವಾದವು! ಗ್ವಾಡಿ ಕಡೆ ಮುಖ ಮಾಡಿ ನಿಂದರ!"

ಅವನು ಗೋಡೆಗೆ ತಿರುಗಿದ. ಚಂಪಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಮುಚ್ಚಳ ಎತ್ತಿದಳು. ಒಳಗೆ ಕೈ ಚಾಚಿದಳು.

"ಏನಾತು?"

"ಸುಮ್ಮನಿರೋ!"

ಒರಟು ನಾಲಿಗೆಯೊಂದು ಅವಳ ಹೆಬ್ಬೆರಳನ್ನು ನೆಕ್ಕಿತು. ಚಂಪಕ್ಕ ಪಟ್ಟನೆ ಕಣ್ಣು ಬಿಟ್ಟಳು. ಎರಡು ಹಳದಿ ಕಣ್ಣುಗಳು ಆಗಲೇ ಅವಳನ್ನು ನೆಟ್ಟ ನೋಟದಿಂದ ನೋಡುತ್ತಿದ್ದವು. "ನಾ ಕಣ್ಣ ಮುಚ್ಚಿದ್ದಾಗನ ಬೆರಳ ನೆಕ್ಕಿದಳೋ!" ಎಂದು ಕೂಗಿದಳು.

"ನಾವಿಬ್ರೂ ನೋಡಿಲ್ಲಲ್ಲ, ಮತ್ತ ನೋಡಿದವರು ಯಾರು?" ಮಡಿವಾಳಪ್ಪ ಗೋಡೆಯನ್ನೇ ಕೇಳಿದ.

"ಕಾಡಿಗೀನೇ ಮೊದಲ ನನ್ನ ನೋಡ್ಯಾಳೋ!" ಚಂಪಕ್ಕ ಬೆಕ್ಕನ್ನು ಬಾಚಿ ತಬ್ಬಿ ಕುಣಿದಾಡಿದಳು. "ನಾನೂ ಬದುಕೀನಿ, ಮಡಿವಾಳಪ್ಪಾ!"