ವಿಳಾಸಕ್ಕೆ ಬಂದ ಉತ್ತರ

ಹೊಸ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ, ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಅದನ್ನು ಒಪ್ಪಲಿಲ್ಲ. ಐಪಿವಿ6 ಎಂಬ ನೆಟ್‌ವರ್ಕ್ ವಿಳಾಸ ಪದ್ಧತಿಯಲ್ಲಿ ಇಂಥ ಯಾವ ಪೆಟ್ಟಿಗೆಯೂ ಕೊಟ್ಟ ವಿಳಾಸವನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಇದು ಬೇರೆ ಯಾರದಾದರೂ ಇದೆಯೇ ಎಂದು ಮೊದಲು ನೆಟ್‌ವರ್ಕಿನಲ್ಲೆಲ್ಲ ಕೂಗಿ ಕೇಳುತ್ತದೆ. ಯಾರೂ ಓಗೊಡದಿದ್ದರೆ ಮಾತ್ರ ಅದು ತನ್ನದು. ಇವತ್ತು ಎಲ್ಲಿಂದಲೋ ‘ನನ್ನದು’ ಎಂಬ ಉತ್ತರ ಬಂದಿತ್ತು.

ಆಫೀಸಿನಲ್ಲಿ ಮುಂಗೋಪಿ ಎಂದೇ ಹೆಸರಾದ ಟೆಕ್ನಿಷಿಯನ್ ಇನ್ನೊಂದು ಕಮಾಂಡ್ ಕೊಟ್ಟು ನೋಡಿ, ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದ. ಇದು ಮೇಷ್ಟ್ರದೇ ಕೆಲಸ. ಒಂಬತ್ತು ವರ್ಷ ಇದೇ ಕೋಣೆಯಲ್ಲಿ ಜೊತೆಗಿದ್ದು, ಇವನ ಬೈಗುಳಕ್ಕೆ ಬೇಸತ್ತು ಮೂರು ತಿಂಗಳ ಹಿಂದೆ ಬೇರೆ ಶಾಖೆಗೆ ವರ್ಗ ಮಾಡಿಸಿಕೊಂಡು ಹೋದ ಹಿರಿಯ ಸಹೋದ್ಯೋಗಿ; ಆಫೀಸಿಗೆಲ್ಲ ಅವರು ‘ಮೇಷ್ಟ್ರು’. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮುಂಗೋಪಿ ಫೋನ್ ಎತ್ತಿಕೊಂಡ.

“ಏನ್ರೀ ಮೇಷ್ಟ್ರೇ, ಹೋಗೋವಾಗ ಯಾವ ಹಾಳು ಡಬ್ಬಕ್ಕೆ ಈ ವಿಳಾಸ ಅಂಟಿಸಿ ಹೋಗಿದೀರಿ? ನನ್ನ ತಲೆ ತಿನ್ನೋಕಾ?”

“ಅಲ್ಲಿರೋ ಪೆಟ್ಟಿಗೆಗಳ ಪಟ್ಟಿ ತೆಗೆದು ನೋಡು ಮಾರಾಯ. ಅರ್ಧ ನಿಮಿಷದ ಕೆಲಸ.”

“ಅಷ್ಟೂ ಗೊತ್ತಿಲ್ವಾ ನಂಗೆ?”

“ಗೊತ್ತಿದ್ಮೇಲೆ ನಂಗ್ಯಾಕೆ ಫೋನ್ ಮಾಡ್ದೆ?”

ಪಟ್ಟಿ ಆಗಲೇ ಮುಂಗೋಪಿಯ ಪರದೆಯ ಮೇಲಿತ್ತು. ‘ನನ್ನದು’ ಎಂದಿದ್ದು ನಾಲ್ಕನೇ ಮಹಡಿಯ ಹಳೇ ಸ್ವಿಚ್ಚು; ಫೋನ್ ಮಾಡುವ ಮೊದಲೇ ಅದು ಅವನಿಗೆ ಸಿಕ್ಕಿತ್ತು. ಈಗ ಫೋನ್ ಇಟ್ಟರೆ ಮತ್ತೆ ಮಾಡಲು ಇನ್ನೊಂದು ನೆಪ ಹುಟ್ಟುವುದಿಲ್ಲ. ಸ್ವಿಚ್ಚುಗಳ ಫ್ಯಾನುಗಳು ಗುಯ್‌ಗುಡುತ್ತಿದ್ದವು.

“ಇಲ್ಲಿ ಬಿಕೋ ಅನ್ಸುತ್ತೆ ಕಣ್ರೀ,” ಎಂದ.